ಸಿಹಿಗುಂಬಳದ ಸಾಸಿನಲ್ಲಿ ಪಾಸ್ತಾ: ಕೋಲಾರದ ನಮ್ಮ ಅಡುಗೆಮನೆಯ ವಿಧಾನ

ಸಿಹಿಗುಂಬಳದ ಸಾಸಿನ ಪಾಸ್ತಾದಲ್ಲಿ ಗಮನ ಬೇಡುವ ಕೆಲಸಗಳು ಎರಡೇ: ಕಾಯಿಯೊಳಗಿನ ನೀರನ್ನು ಹೊರಗೆ ಹಾಕುವುದು ಮತ್ತು ಪಾಸ್ತಾ ಬೆಂದ ನೀರನ್ನು ಒಳಗೆ ಸೇರಿಸಿಕೊಳ್ಳುವುದು. ಈ ಎರಡು ಕೈಗೆ ಹತ್ತಿದರೆ ಕ್ರೀಮು, ಮೈದಾ ಯಾವುದೂ ಇಲ್ಲದೆ ಸಾಸು ತಾನಾಗಿಯೇ ಹದಕ್ಕೆ ಬರುತ್ತದೆ ಎಂಬುದು ನನ್ನ ಅನುಭವ.

ಕೋಲಾರದ ತರಕಾರಿ ಅಂಗಡಿಗಳಲ್ಲಿ ಸಿಹಿಗುಂಬಳವನ್ನು ಹೋಳು ಮಾಡಿ ಮಾರುವುದು ನನಗೆ ಅನುಕೂಲವೇ ಆಗಿದೆ, ಏಕೆಂದರೆ ಒಳಗಿನ ತಿರುಳನ್ನು ಕಣ್ಣಾರೆ ನೋಡಿ ಕೊಳ್ಳಬಹುದು. ತಿರುಳು ಮಾಸಲು ಹಳದಿಯಾಗಿದ್ದು, ಕೊಯ್ದ ಕಡೆ ನೀರು ಜಿನುಗುತ್ತಿದ್ದರೆ ಅದು ಹುಳಿಗೋ ಪಲ್ಯಕ್ಕೋ ಆದೀತು, ಸಾಸಿಗೆ ಆಗದು. ಕಡು ಕಿತ್ತಳೆ ಬಣ್ಣದ, ಉಗುರು ಊರಿದರೂ ಸಿಪ್ಪೆಗೆ ಇಳಿಯದಷ್ಟು ಬಲಿತ ಕಾಯಿಯನ್ನೇ ಆರಿಸುತ್ತೇನೆ. 200 ಗ್ರಾಂ ಪಾಸ್ತಾಕ್ಕೆ ಅರ್ಧ ಕೆಜಿಯ ಹೋಳು ಸಾಕು. ಅದು ಮೂವರ ಊಟ. ಬೀಜಗಳನ್ನು ಎಸೆಯದೆ ತೊಳೆದು, ಒಣಗಿಸಿ, ಹುರಿದಿಟ್ಟುಕೊಂಡರೆ ಬಡಿಸುವಾಗ ಮೇಲೆ ಉದುರಿಸಲು ಆಗುತ್ತದೆ.

ಪಾಸ್ತಾ ಕೊಳ್ಳುವಾಗ ಪೊಟ್ಟಣದ ಹಿಂಬದಿಯನ್ನು ಓದುವುದು ಒಳ್ಳೆಯದು. ಡ್ಯೂರಮ್ ಗೋಧಿಯ ರವೆಯಿಂದ ಮಾಡಿದ್ದರಲ್ಲಿ ಪ್ರೋಟೀನ್ ಹೆಚ್ಚಿರುವುದರಿಂದ ಬೆಂದ ಮೇಲೂ ಬಿಗಿ ಉಳಿಯುತ್ತದೆ. ಬರೀ ಮೈದಾದ್ದು ಬೇಗ ಅಂಟಂಟಾಗುತ್ತದೆ. ಗೀರುಗಳಿರುವ ಪೆನ್ನೆ ಅಥವಾ ಸುರುಳಿಯಾಕಾರದ ಫುಸಿಲಿ ಆದರೆ ಗಟ್ಟಿ ಸಾಸು ಚೆನ್ನಾಗಿ ಹಿಡಿದುಕೊಳ್ಳುತ್ತದೆ.

ಕುಂಬಳವನ್ನು ಕುಕ್ಕರಿನಲ್ಲಿ ಬೇಯಿಸುವುದು ಸುಲಭವೇ, ಆದರೆ ಆಗ ಕಾಯಿ ಇನ್ನಷ್ಟು ನೀರು ಕುಡಿದು ರುಚಿ ತೆಳುವಾಗುತ್ತದೆ. ಓವನ್ ಇಲ್ಲದ ನಮ್ಮ ಮನೆಯಲ್ಲಿ ಈ ಕೆಲಸ ನಡೆಯುವುದು ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ. ಸಿಪ್ಪೆ ತೆಗೆದು ಒಂದಂಗುಲದ ಹೋಳುಗಳಾಗಿ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಒಂದೇ ಪದರವಾಗಿ ಹರಡಿ, ಉಪ್ಪು ಉದುರಿಸಿ, ಮೊದಲು ಮುಚ್ಚಳ ಹಾಕಿ ಮೆತ್ತಗಾಗಿಸುತ್ತೇನೆ. ಮುಚ್ಚಳದ ಒಳಮೈಯಲ್ಲಿ ಕಟ್ಟಿದ ನೀರು ಬಾಣಲೆಗೆ ಬೀಳದಂತೆ ಓರೆಯಾಗಿ ಎತ್ತಿ, ಆಮೇಲೆ ತೆರೆದೇ ಹುರಿಯಬೇಕು. ಈ ಹಂತದಲ್ಲಿ ಪದೇ ಪದೇ ಕೈಯಾಡಿಸಬಾರದು. ನೀರು ಇರುವವರೆಗೆ ಬಾಣಲೆ ಬುಸುಗುಟ್ಟುತ್ತದೆ. ಅದು ಆರುತ್ತಿದ್ದಂತೆ ಸದ್ದು ಸಣ್ಣದಾಗಿ ಚಟಪಟ ಎನ್ನತೊಡಗಿ, ಹೋಳಿನ ಅಂಚುಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಆಗ ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ ಮತ್ತು ಬೀಜ ತೆಗೆದ ಎರಡು ಬ್ಯಾಡಗಿ ಮೆಣಸಿನಕಾಯಿಗಳನ್ನು ಸೇರಿಸಿ ಬಾಡಿಸಿ, ಆರಿದ ಮೇಲೆ ನೆನೆಸಿದ ಹತ್ತು ಗೋಡಂಬಿಯೊಂದಿಗೆ ನುಣ್ಣಗೆ ರುಬ್ಬುತ್ತೇನೆ.

ಹೀಗೆ ಹುರಿದಾಗ ಕುಂಬಳದ ಸಿಹಿ ಇನ್ನೂ ಎದ್ದು ಬರುತ್ತದೆ, ಅದನ್ನು ಕಟ್ಟಿಹಾಕಲು ಏನಾದರೂ ಬೇಕು. ಕುಂಬಳದ ಹೂರಣ ತುಂಬಿದ ಪಾಸ್ತಾಕ್ಕೆ ಹೆಸರಾದ ಇಟಲಿಯ ಮಾಂತುವಾದಲ್ಲಿ ಹೂರಣಕ್ಕೆ ಉಪ್ಪುಪ್ಪಾದ ಚೀಸನ್ನೂ ಸಾಸಿವೆಯ ಖಾರವಿರುವ ಹಣ್ಣಿನ ಮುರಬ್ಬವನ್ನೂ ಬೆರೆಸುವುದುಂಟು. ನಮ್ಮ ಅತ್ತೆಯವರು ಒಂದು ತುತ್ತು ಬಾಯಿಗಿಟ್ಟು, "ಸಿಹಿ ಜಾಸ್ತಿ ಆಯ್ತಮ್ಮ, ಒಂಚೂರು ಹುಳಿ ಹಿಂಡು" ಎಂದಿದ್ದೂ ಅದೇ ಕಾರಣಕ್ಕೆ. ಟೊಮೆಟೊ ಮಂಡಿಗೆ ಹೆಸರಾದ ಊರಿನಲ್ಲಿದ್ದುಕೊಂಡು ಇದನ್ನು ಹೇಳುವುದು ಕಷ್ಟ, ಆದರೂ ಈ ಸಾಸಿಗೆ ಟೊಮೆಟೊ ಬೇಡ. ಹಾಕಿದರೆ ಕುಂಬಳದ ಬಣ್ಣವೂ ಪರಿಮಳವೂ ಅದರಡಿ ಮುಚ್ಚಿಹೋಗುತ್ತವೆ. ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣಿನ ರಸ, ದಪ್ಪಗೆ ಕುಟ್ಟಿದ ಕಾಳುಮೆಣಸು, ಚಿಟಿಕೆ ಜಾಯಿಕಾಯಿ ಪುಡಿ, ಇಷ್ಟೇ ಸಾಕು.

ಇಟಲಿಯವರು ಕುಂಬಳಕ್ಕೆ ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದ ಸೇಜ್ ಎಲೆ ಹಾಕುತ್ತಾರೆ. ಅದರ ಬದಲು ನಾನು ಕುಂಡದಲ್ಲಿರುವ ದೊಡ್ಡಪತ್ರೆಯನ್ನು ಬಳಸುತ್ತೇನೆ. ಎರಡೂ ತುಳಸಿಯ ಕುಟುಂಬಕ್ಕೆ ಸೇರಿದ ಗಿಡಗಳು, ಆದರೆ ದೊಡ್ಡಪತ್ರೆಯ ವಾಸನೆ ಓರೆಗಾನೊಗೆ ಹತ್ತಿರ. ಅದರ ಎಲೆ ರಸಭರಿತವಾದ್ದರಿಂದ ಇಡಿಯಾಗಿ ಬೆಣ್ಣೆಗೆ ಹಾಕಿದರೆ ಸಿಡಿಯುತ್ತದೆಯೇ ಹೊರತು ಗರಿಗರಿಯಾಗುವುದಿಲ್ಲ. ಒಂದೆರಡು ಎಲೆಗಳನ್ನು ಸಣ್ಣಗೆ ಹೆಚ್ಚಿ, ಬಟ್ಟೆಯಲ್ಲಿ ಒತ್ತಿ ಒರೆಸಿ, ಒಂದು ಚಮಚ ಬೆಣ್ಣೆಯಲ್ಲಿ ಬಾಡಿಸಿ, ಅದರ ಮೇಲೆ ರುಬ್ಬಿದ ಸಾಸನ್ನು ಹುಯ್ಯುತ್ತೇನೆ. ಇದಕ್ಕಿಂತ ಹೆಚ್ಚಾದರೆ ಕಷಾಯದ ವಾಸನೆ ಬರುತ್ತದೆ.

ಪಾಸ್ತಾಕ್ಕೆ 2 ಲೀಟರ್ ನೀರು, 15 ಗ್ರಾಂನಷ್ಟು ಉಪ್ಪು. ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಎರಡು ನಿಮಿಷ ಮೊದಲೇ ಬಸಿಯಬೇಕು, ಬಸಿದ ನೀರಿನಲ್ಲಿ ಒಂದೂವರೆ ಲೋಟದಷ್ಟನ್ನು ಎತ್ತಿಟ್ಟುಕೊಳ್ಳಬೇಕು. ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟನ್ನು ಯಾರೂ ಚೆಲ್ಲದಿರುವಂತೆ ಇದನ್ನೂ ಚೆಲ್ಲಬಾರದು. ಪಾಸ್ತಾದಿಂದ ಬಿಟ್ಟ ಪಿಷ್ಟ ಈ ನೀರಿನಲ್ಲಿರುವುದರಿಂದ, ಬೆಣ್ಣೆಯ ಜಿಡ್ಡು ಬೇರೆಯಾಗಿ ತೇಲದೆ ಸಾಸಿನೊಳಗೇ ಬೆರೆತು ನಿಲ್ಲುತ್ತದೆ. ಕುದಿಯುವ ಸಾಸಿಗೆ ಪಾಸ್ತಾ ಹಾಕಿ, ಆ ನೀರನ್ನು ಸೌಟುಸೌಟಾಗಿ ಸೇರಿಸುತ್ತ ಎರಡು ನಿಮಿಷ ಬಾಣಲೆಯನ್ನು ಕುಲುಕಿದರೆ ಸಾಸು ಹೊಳಪೇರಿ ಪ್ರತಿ ತುಂಡಿಗೂ ಹತ್ತಿಕೊಳ್ಳುತ್ತದೆ. ತಟ್ಟೆಗೆ ಬಂದ ಮೇಲೆ ಬಿಗಿಯುವುದರಿಂದ ಒಲೆಯ ಮೇಲಿರುವಾಗ ತುಸು ತೆಳ್ಳಗೇ ಇರಬೇಕು.

ಚೀಸಿನ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಮಾತು. ಅಸಲಿ ಪಾರ್ಮಿಜಾನೊ ರೆಜಾನೊ ಚೀಸಿಗೆ ಹಾಲು ಒಡೆಸುವುದು ಕರುವಿನ ಜಠರದಿಂದ ತೆಗೆದ ರೆನೆಟ್‌ನಿಂದ, ಆದ್ದರಿಂದ ಅದು ನಮ್ಮ ಲೆಕ್ಕಕ್ಕೆ ಸಸ್ಯಾಹಾರವಲ್ಲ. ಹಸಿರು ಚುಕ್ಕೆ ಇರುವ ಚೀಸನ್ನು ತುರಿದು ಎರಡು ಚಮಚ ಹಾಕಬಹುದು. ಗೋಡಂಬಿ ಇರುವುದರಿಂದ ಚೀಸಿಲ್ಲದಿದ್ದರೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಹೆಚ್ಚಾಗಿ ಇಲ್ಲದೆಯೇ ಮಾಡುವುದು.

ಉಳಿದರೆ ಪಾಸ್ತಾ ಬೆರೆಸದ ಸಾಸನ್ನಷ್ಟೇ ಫ್ರಿಜ್ಜಿನಲ್ಲಿಟ್ಟು, ಎರಡು ದಿನದೊಳಗೆ ಬಿಸಿನೀರು ಬೆರೆಸಿ ಕುದಿಸಿ ಬಳಸುತ್ತೇನೆ. ಅದು ಚಪಾತಿಗೂ ಹೊಂದುತ್ತದೆ.