ಏಳೆಂಟು ಲಕ್ಷದಲ್ಲೇ ಸುತ್ತಲ ಊರಿಗೆಲ್ಲ ಕ್ಯಾಶ್ ಕೊಟ್ಟೆವು

500, 1000ದ ಹಳೆ ನೋಟು ರದ್ದಾದ ಮೇಲೆ, 2016ರ ನವೆಂಬರ್ 10ಕ್ಕೆ ಬ್ಯಾಂಕ್ ಬಾಗಿಲು ತೆಗೆದಾಗ ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿ ಶಾಖೆಯಲ್ಲಿ ಹೆಡ್ ಕ್ಯಾಷಿಯರ್. ಹಳೆ ನೋಟು ಕಟ್ಟಿಸಿಕೊಳ್ಳುವುದು ಬರೀ ದುಡಿತ. ಕಷ್ಟವಿದ್ದದ್ದು ಕೊಡುವುದರಲ್ಲಿ. ವಾರಕ್ಕೆ 24,000 ತೆಗೆಯಬಹುದು ಅಂತ ಟಿವಿಯಲ್ಲಿ ಬರುತ್ತಿತ್ತು. ಚೆಸ್ಟ್‌ನಿಂದ, ಅಂದರೆ ಶಾಖೆಗಳಿಗೆ ನೋಟು ಕಳಿಸುವ ಖಜಾನೆಯಿಂದ, ನಮಗೆ ಸಿಗುತ್ತಿದ್ದದ್ದು ದಿನಕ್ಕೆ ಏಳೆಂಟು ಲಕ್ಷ, ಹೆಚ್ಚುಕಡಿಮೆ ಎಲ್ಲಾ 2000ದ ನೋಟು.

ಮೊದಲು ಟೋಕನ್ ಕೊಟ್ಟೆವು. ಜನ ಬೆಳಗಿನ ಜಾವಕ್ಕೇ ಬಂದು ಕೂತರು. ಟೋಕನ್ ಇನ್ನೂರು ರೂಪಾಯಿಗೆ ಮಾರಾಟವಾಯಿತು. ಆಮೇಲೆ ಊರಿಗೊಂದು ದಿನ ಅಂತ ಮಾಡಿದೆವು. ಗಲಾಟೆ ತಗ್ಗಿತು, ಕ್ಯಾಶ್ ಮಾತ್ರ ಊಟದ ಹೊತ್ತಿಗೆ ಮೊದಲೇ ಖಾಲಿ. ಸಿಕ್ಕವರಿಗೂ ಸುಖವಿಲ್ಲ. ಒಬ್ಬ ಅಜ್ಜಿ 2000ದ ನೋಟು ಹಿಡಿದು, "ಇದನ್ನ ಯಾರು ಮುರಿಸಿಕೊಡ್ತಾರಪ್ಪಾ?" ಅಂದರು. ನಿಜ ಅಲ್ವಾ?

ಚಿಲ್ಲರೆ ಊರಲ್ಲೇ ಇತ್ತು. ಕಿರಾಣಿ ಅಂಗಡಿ, ಪೆಟ್ರೋಲ್ ಬಂಕ್, ಖಾಸಗಿ ಬಸ್ಸಿನವರು, ದೇವಸ್ಥಾನದ ಹುಂಡಿ. ಕಟ್ಟಿದರೆ ವಾಪಸ್ ಸಿಗಲ್ಲ ಅಂತ ಎಲ್ಲರೂ ಬಚ್ಚಿಟ್ಟಿದ್ದರು. ನವೆಂಬರ್ 28ರ ಆರ್‌ಬಿಐ ಸುತ್ತೋಲೆ ನನಗೆ ದಾರಿ ತೋರಿಸಿತು. 29ರಿಂದ ಚಾಲ್ತಿ ನೋಟು ಕಟ್ಟಿದವರು ಅಷ್ಟನ್ನೂ ಮಿತಿಯಿಲ್ಲದೆ ತೆಗೆಯಬಹುದು. ಊರೂರು ಸುತ್ತಿ ಮಾಲು ತರುವ ವ್ಯಾಪಾರಿಗೆ 2000ದ ನೋಟೇ ಬೇಕು. ಅವರ ನೂರು, ಐವತ್ತು ನಮಗೆ. ನಮ್ಮ 2000 ಅವರಿಗೆ. "ಈಗ ಯಾರ್ರೀ ನೂರರ ನೋಟು ಕಟ್ತಾರೆ?" ಅಂದರು ಮ್ಯಾನೇಜರ್. ಸಂಜೆ ನಾನೇ ಬೈಕಿನಲ್ಲಿ ಅಂಗಡಿ ಅಂಗಡಿ ತಿರುಗಿದೆ. ಮೊದಲ ವ್ಯಾಪಾರಿಯನ್ನು ಹೇಗೆ ಒಪ್ಪಿಸಿದೆ ಅನ್ನುವುದು ನನ್ನಲ್ಲೇ ಇರಲಿ. ಅವರು ಕಟ್ಟಿದ್ದು ಸುಮಾರು ನಲವತ್ತು ಸಾವಿರ. ಮರುದಿನ ಬೆಳಿಗ್ಗೆ ಕ್ಯೂ ಬಿಟ್ಟು ಕರೆದು 2000ದ ನೋಟು ಕೈಗಿಟ್ಟೆ. ಸುದ್ದಿ ತಾನೇ ಹಬ್ಬಿತು. ವಾರದೊಳಗೆ ದಿನಕ್ಕೆ ಎರಡು ಲಕ್ಷದಷ್ಟು ಸಣ್ಣ ನೋಟು ಬರತೊಡಗಿತು. ಆಮೇಲೆ ರೈತರಿಗೆ ತಲೆಗೆ ಒಂದು 2000, ಉಳಿದದ್ದು ನೂರರಲ್ಲಿ. ಸಂಜೆವರೆಗೂ ಕೌಂಟರ್ ನಡೆಯಿತು.

ನಡುವೆ ಇನ್ನೊಂದು ಪ್ರಯೋಗವೂ ಆಯಿತು. ಎಣಿಸುವ ಮೆಷಿನ್ ಪದೇಪದೇ ಕೈಕೊಟ್ಟಾಗ ಹಳೆ ನೋಟಿನ ಕಟ್ಟುಗಳನ್ನು ಗೋಲ್ಡ್ ಲೋನ್ ತಕ್ಕಡಿಯಲ್ಲಿ ತೂಗಿದೆ. ಕೊಳೆ, ತೇವ ಸೇರಿ ಒಂದೊಂದು ಕಟ್ಟು ಒಂದೊಂದು ತೂಕ. ಬಿಟ್ಟೆ, ಕೈಯಲ್ಲೇ ಎಣಿಸಿದೆವು. ಖೋಟಾ ನೋಟು, ಕಡಿಮೆ ಬಿದ್ದದ್ದು ಎಲ್ಲಾ ಸೇರಿ ನಾನು ಕೈಯಿಂದ ಕಟ್ಟಿದ್ದು ಆರೇಳು ಸಾವಿರ. ಅದು ವಾಪಸ್ ಬರಲಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಪಕ್ಕದ ಶಾಖೆಯವರು ನಮ್ಮ ವ್ಯಾಪಾರಿಗಳ ಪಟ್ಟಿ ಕೇಳಿದರು. ಪಟ್ಟಿ ಕೊಡಲಿಲ್ಲ. ನಿಮ್ಮ ಊರಿನ ಬಂಕಿನಿಂದ ಶುರುಮಾಡಿ ಅಂದೆ.