ಗಣಿಯಿಂದ ಬಂದ ಗಾಡಿ: ಹಳೆಯ ಫೋರ್ ವೀಲ್ ಡ್ರೈವ್ ಕೊಳ್ಳುವ ಮುನ್ನ

ಬಳ್ಳಾರಿ, ಸಂಡೂರು ಸೀಮೆಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡುವ) ಗಾಡಿಯನ್ನು ದೂರದ ಪ್ರಯಾಣಕ್ಕೆಂದು ನೋಡಲು ಹೋದಾಗ, ಅದು ಗಣಿಯಲ್ಲಿ ದುಡಿದದ್ದೇ ಅಲ್ಲವೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಮಾರುವವರು ಹೊಸದಾಗಿ ಪೇಂಟ್ ಹೊಡೆಸಿ, ಸೀಟಿಗೆ ಕವರ್ ಹಾಕಿಸಿ ನಿಲ್ಲಿಸಿರುತ್ತಾರೆ. ಅದಿರಿನ ಧೂಳು ಮಾತ್ರ ಅಷ್ಟು ಸುಲಭವಾಗಿ ಬಿಡುವಂಥದ್ದಲ್ಲ. ಕಾಲಡಿಯ ಮ್ಯಾಟ್ ಎತ್ತಿ, ಸೀಟು ಸರಿಯುವ ಹಳಿಯ ಸಂದಿಯನ್ನೂ ಡ್ಯಾಶ್‌ಬೋರ್ಡಿನ ಒಳಬದಿಯನ್ನೂ ಒದ್ದೆಯಾದ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಜಾಜು ಬಳಿದಂತಾದರೆ ಗಾಡಿ ಎಲ್ಲಿಂದ ಬಂದಿದೆ ಎಂದು ಕೇಳುವ ಅಗತ್ಯವಿಲ್ಲ.

ಹಾಗೆಂದು ಅಂಥ ಗಾಡಿಯನ್ನು ಬೇಡವೆನ್ನಬೇಕಿಲ್ಲ. ಆದರೆ ಮೀಟರಿನಲ್ಲಿ 60,000 ಕಿಲೋಮೀಟರ್ ತೋರಿಸಿದರೂ ಅದರ ಬಹುಪಾಲು ಮೊದಲ ಮತ್ತು ಎರಡನೆಯ ಗೇರಿನಲ್ಲಿ ಏರು ಹತ್ತಿದ್ದು. ಎಂಜಿನ್ ನಿಂತಲ್ಲೇ ಓಡಿದ ಗಂಟೆಗಳ ಲೆಕ್ಕ ಆ ಮೀಟರಿಗೆ ಸಿಗುವುದಿಲ್ಲ. ಆದ್ದರಿಂದ ಕ್ಲಚ್, ಗೇರ್‌ಬಾಕ್ಸ್ ಮತ್ತು ಏರ್ ಫಿಲ್ಟರ್ ಡಬ್ಬಿಯ ಒಳಬದಿಯನ್ನು ನೋಡಿದ ಮೇಲೆಯೇ ಬೆಲೆಯ ಮಾತಾಡಬೇಕು.

ಅಗ್ಗದ ಬೆಲೆಯಲ್ಲಿ ಎದುರಾಗುವವು ಸಾಮಾನ್ಯವಾಗಿ ಬೊಲೆರೊ, ಅದರ ಪಿಕಪ್ ರೂಪವಾದ ಕ್ಯಾಂಪರ್, 2010ರ ನಂತರದ ಹಳೆಯ ಮಾದರಿಯ ಥಾರ್ ಮತ್ತು ಮಾರುತಿ ಜಿಪ್ಸಿ. ಜಿಪ್ಸಿ ಹಗುರ, ಕೆಸರಿನಲ್ಲಿ ಚುರುಕು. ಆದರೆ ಪೆಟ್ರೋಲ್ ಖರ್ಚನ್ನೂ ಹಿಂದಿನ ಸೀಟಿನ ಕುಲುಕಾಟವನ್ನೂ ಲೆಕ್ಕ ಹಾಕಿದರೆ ಸಾಮಾನು ಹೇರಿಕೊಂಡು ವಾರಗಟ್ಟಲೆ ಓಡಾಡುವವರಿಗೆ ನಾನು ಡೀಸೆಲ್ ಗಾಡಿಯನ್ನೇ ಹೇಳುತ್ತೇನೆ. ಬೊಲೆರೊ ಮತ್ತು ಥಾರ್ ಟೂ ವೀಲ್ ಡ್ರೈವಿನಲ್ಲಿಯೂ ಬಂದಿರುವುದರಿಂದ ಹಿಂದೆ ಅಂಟಿಸಿದ ಸ್ಟಿಕ್ಕರ್ ನಂಬದೆ ಗಾಡಿಯ ಕೆಳಗೆ ಮಲಗಿ ನೋಡಬೇಕು: ಮುಂದಿನ ಚಕ್ರಗಳ ನಡುವೆ ಗ್ಯಾರೇಜಿನವರು ಹೌಸಿಂಗ್ ಎನ್ನುವ ಗುಂಡು ಪೆಟ್ಟಿಗೆಯೂ, ಎಂಜಿನ್ ಬಲವನ್ನು ಅದಕ್ಕೆ ತಂದು ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ಕೊಳವೆಯೂ ಇರಲೇಬೇಕು. ನಾನು ಮೊದಲು ಕೊಂಡ ಜೀಪಿನಲ್ಲಿ ಫೋರ್ ವೀಲಿಗೆ ಹಾಕುವ ಲಿವರ್ ಸೊಗಸಾಗಿ ಬೀಳುತ್ತಿತ್ತು. ಡೀಸೆಲ್ ಉಳಿಯಲೆಂದು ಮುಂದಿನ ಶಾಫ್ಟನ್ನೇ ಯಾರೋ ಬಿಚ್ಚಿಟ್ಟಿದ್ದರೆಂಬುದು ತಿಳಿದದ್ದು ಸಿರುಗುಪ್ಪದ ಕಡೆಯ ಎರೆ ಹೊಲದಲ್ಲಿ ಹೂತುಕೊಂಡ ಮೇಲೆ.

ಫೋರ್ ವೀಲ್ ಪರೀಕ್ಷೆಯನ್ನು ಡಾಂಬರಿನ ಮೇಲೆ ಮಾಡಬಾರದು, ಏಕೆಂದರೆ ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದೇ ವೇಗಕ್ಕೆ ಬಿಗಿದುಕೊಳ್ಳುವುದರಿಂದ ತಿರುವಿನಲ್ಲಿ ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ಸಡಿಲ ಮಣ್ಣಿನ ಬಂಡಿದಾರಿಗೆ ಒಯ್ದು, ಗಾಡಿ ನಿಲ್ಲಿಸಿ ಲೋ ರೇಂಜಿಗೆ (ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಗೇರಿಗೆ) ಹಾಕಿ ಏರು ಹತ್ತಿಸಿ, ಇಳಿಯುವಾಗ ಬ್ರೇಕ್ ಮುಟ್ಟದೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಲಿವರ್ ತಾನಾಗಿಯೇ ಹಾರಿ ಹೊರಬಂದರೆ ಎಂಜಿನ್ ಬಲವನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಸವೆದಿದೆ ಎಂದರ್ಥ, ಆ ರಿಪೇರಿ ಅಗ್ಗದ್ದಲ್ಲ. ಮುಂದಿನ ಟೈರುಗಳೂ ಮಣ್ಣು ಎರಚುತ್ತಿವೆಯೇ ಎಂಬುದನ್ನು ಜೊತೆಗೆ ಬಂದವರು ಹೊರಗೆ ನಿಂತು ನೋಡಲಿ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ಇನ್ನೊಂದು ಬೆಳಿಗ್ಗೆ ಬನ್ನಿ. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಭಗಭಗ ಬಂದರೆ ಪಿಸ್ಟನ್ ರಿಂಗ್ ಸವೆದಿರುವ ಸಾಧ್ಯತೆ ಹೆಚ್ಚು. ಚಾಸಿಯನ್ನು, ಅದರಲ್ಲೂ ಸ್ಪ್ರಿಂಗ್ ಪಟ್ಟಿ ಕೂರುವ ಜಾಗಗಳನ್ನು, ಸಣ್ಣ ಸುತ್ತಿಗೆಯಿಂದ ತಟ್ಟಿ ವೆಲ್ಡಿಂಗ್ ತೇಪೆ ಹುಡುಕಿ. ಟೈರಿನ ಪಕ್ಕದ ನಾಲ್ಕಂಕಿಯಲ್ಲಿ 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು.

ರಾಯಚೂರಿನ ಕಡೆಯವರು ಗಡಿ ದಾಟಿ ತೆಲಂಗಾಣ ಅಥವಾ ಆಂಧ್ರದ ಗಾಡಿ ಕೊಳ್ಳುವುದುಂಟು. ಅಂಥದ್ದಕ್ಕೆ ಫಾರ್ಮ್ 28ರ ನಿರಾಕ್ಷೇಪಣಾ ಪತ್ರ ಬೇಕು, ಕರ್ನಾಟಕದ ತೆರಿಗೆಯೂ ಸೇರುವುದರಿಂದ ಅಗ್ಗವೆನಿಸಿದ್ದು ಅಗ್ಗವಾಗಿ ಉಳಿಯದಿರಬಹುದು. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ, ಸಾಲವಿದ್ದದ್ದಾದರೆ ಅದು ತೀರಿದೆ ಎನ್ನುವ ಬ್ಯಾಂಕಿನ ಫಾರ್ಮ್ 35 ಪಡೆಯದೆ ಪೂರ್ತಿ ಹಣ ಕೊಡಬೇಡಿ. ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಆರ್‌ಸಿಯೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ, ಹಳೆಯ ಜೀಪುಗಳಲ್ಲಿ ಎಂಜಿನ್ ಬದಲಾಗಿರುವುದು ಅಪರೂಪವಲ್ಲ. ನೋಂದಣಿಯ 15 ವರ್ಷ ಮುಗಿಯುತ್ತ ಬಂದಿದ್ದರೆ ನವೀಕರಣದ ಖರ್ಚನ್ನೂ ಚೌಕಾಸಿಯಲ್ಲಿ ಹಿಡಿಯಬೇಕು.

ಕೈಯಲ್ಲಿರುವ ಹಣದ ಮೂರನೇ ಒಂದು ಪಾಲನ್ನು ರಿಪೇರಿಗೆ ಎತ್ತಿಡಿ. ಕೊಂಡ ವಾರವೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಮುಂದಿನ, ಹಿಂದಿನ ಎರಡೂ ಹೌಸಿಂಗ್‌ಗಳ ಆಯಿಲ್ ಬದಲಿಸಿ, ಇಳಿಸಿದ ಆಯಿಲನ್ನು ತಟ್ಟೆಯಲ್ಲಿ ಹಿಡಿದು ನೋಡಿ. ಅದು ಹಾಲು ಬೆರೆಸಿದಂತಿದ್ದರೆ ಒಳಗೆ ನೀರು ಹೊಕ್ಕಿದೆ. ಅದು ಎಲ್ಲಿಂದ ಹೊಕ್ಕಿತೆಂದು ಹುಡುಕಿ ಸರಿಪಡಿಸುವವರೆಗೆ ಊರು ಬಿಡಬೇಡಿ.