ಇಬ್ಬರಿಗೊಂದು ಬಸ್ಸಾರು: ಹೊಲದ ಬದುವಿನಿಂದ ಮುದ್ದೆ ತಟ್ಟೆಯವರೆಗೆ

ಹಸ್ತ, ಚಿತ್ತಾ ಮಳೆ ಬಿದ್ದ ಮೇಲೆ ಕೋಲಾರದ ಕಡೆ ಹೊಲದ ಬದುಗಳಲ್ಲಿ ಸೊಪ್ಪು ತಾನಾಗೇ ಎದ್ದು ನಿಲ್ಲುತ್ತದೆ. ನಮ್ಮ ಬಯಲುಸೀಮೆಗೆ ವರ್ಷದ ಒಳ್ಳೆ ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ರಾಗಿ ತೆನೆ ಕಟ್ಟುತ್ತಿರುತ್ತದೆ. ರಾಗಿಯ ನಡುವೆ ಬಿತ್ತಿದ ಅಕ್ಕಡಿ ಸಾಲಿನ ಅಲಸಂದೆಯಲ್ಲಿ ಕಾಯಿ ತುಂಬಿರುತ್ತದೆ. ಅವರೆ ಇನ್ನೂ ಹೂವಿನಲ್ಲಿರುತ್ತದೆ. ಸಂತೆಗೆ ಹೋಗದೆ ಸಾರು, ಪಲ್ಯ ಎರಡೂ ಆಗಿಬಿಡುವ ಕಾಲ ಇದು.

ಕೆಲಸ ಮುಗಿಸಿ ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯ ಹಳ್ಳಿ ಮನೆಗೆ ಮರಳಿದ ಗಂಡ ಹೆಂಡತಿಯರನ್ನು ನೋಡುತ್ತಿರುತ್ತೇನೆ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಇಬ್ಬರೇ. ಅಡುಗೆ ಕೆಡುವುದು ಇಲ್ಲೇ. 'ನಮ್ಮಿಬ್ಬರಿಗೆ ಏನು ಮಹಾ' ಅಂತ ಬೆಳಗಿನ ಚಿತ್ರಾನ್ನವೇ ಮಧ್ಯಾಹ್ನಕ್ಕೂ ಆಗುತ್ತದೆ. ರಾತ್ರಿ ಊಟ ಹಾಲು, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಇದಕ್ಕೆ ಬಸ್ಸಾರು ಒಳ್ಳೆ ದಾರಿ. ಒಂದೇ ಪಾತ್ರೆಯಲ್ಲಿ ಬೆಂದದ್ದು ಸಾರೂ ಆಗುತ್ತದೆ, ಪಲ್ಯವೂ ಆಗುತ್ತದೆ, ಎರಡು ಹೊತ್ತಿಗೆ ಬರುತ್ತದೆ. ಇನ್ನೊಂದು ಮಾತು. ಈ ಅಡುಗೆ ಇಬ್ಬರು ಸೇರಿ ಮಾಡಿದರೇ ಹಗುರ. ನಿವೃತ್ತಿ ಗಂಡಸರಿಗೆ ಮಾತ್ರ ಸಿಕ್ಕಿ, ಹೆಂಗಸರಿಗೆ ಒಲೆ ಮುಂದಿನ ಕೆಲಸ ಹಾಗೇ ಉಳಿಯುವುದು ಸರಿಯಲ್ಲ. ಅದಕ್ಕೇ ಕೆಲಸ ಹಂಚಿಕೊಳ್ಳುವುದನ್ನೂ ಸೇರಿಸಿಯೇ ಹೇಳುತ್ತೇನೆ.

ಸೊಪ್ಪು ಕೊಯ್ಯುವುದು

ನಮ್ಮ ಕಡೆ ಬಸ್ಸಾರಿಗೆ ಒಂದೇ ಸೊಪ್ಪು ಸಾಲದು, ಬೆರಕೆ ಸೊಪ್ಪು ಬೇಕು. ದಂಟು, ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ ಸೊಪ್ಪು, ಕುಂಬಳದ ಕುಡಿ, ಇವುಗಳಲ್ಲಿ ಮೂರು ನಾಲ್ಕು ಸಿಕ್ಕರೂ ಸಾಕು. ಒಂದೊಂದರದು ಒಂದೊಂದು ಗುಣ. ದಂಟು ಸಿಹಿ, ಗಣಿಕೆ ಸ್ವಲ್ಪ ಕಹಿ, ಗೋಣಿ ಸೊಪ್ಪು ಹುಳಿ. ಗಣಿಕೆ ಒಂದು ಹಿಡಿ ದಾಟದಿರಲಿ, ಇಲ್ಲದಿದ್ದರೆ ಸಾರೆಲ್ಲ ಕಹಿಯಾಗುತ್ತದೆ. ಅದರ ಹಸಿರು ಕಾಯಿಗಳನ್ನು ಕಿತ್ತು ಬಿಸಾಕಿ. ಹಸಿರು ಕಾಯಿಯಲ್ಲಿ ವಿಷದ ಅಂಶ ಇರುತ್ತದೆ.

ಇಬ್ಬನಿ ಆರಿದ ಮೇಲೆ ಹೋಗಿ. ಕಾಲಿಗೆ ಚಪ್ಪಲಿ, ಕೈಯಲ್ಲಿ ಒಂದು ಕೋಲು ಇರಲಿ. ಈ ಕಾಲದಲ್ಲಿ ಬದುವಿನ ಹುಲ್ಲು ಎತ್ತರ ಬೆಳೆದಿರುತ್ತದೆ, ಹಾವು ಕಾಣುವುದಿಲ್ಲ. ಪಕ್ಕದ ಹೊಲಕ್ಕೆ ಕಳೆನಾಶಕ ಹೊಡೆದಿದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಟೊಮೆಟೊ ತೋಟದ ಅಂಚಿನ ಸೊಪ್ಪು ಎಷ್ಟು ಚೆಂದ ಕಂಡರೂ ಬೇಡ, ಅಲ್ಲಿ ಔಷಧಿ ಹೊಡೆಯುವುದು ಜಾಸ್ತಿ. ಗುರುತು ಗೊತ್ತಿಲ್ಲದ ಎಲೆ ಮುಟ್ಟಬೇಡಿ. ನಗರದಲ್ಲೇ ಬಹಳ ವರ್ಷ ಇದ್ದು ಬಂದವರು ಊರಿನ ಒಬ್ಬ ಅಜ್ಜಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ತೋರಿಸಿದಂತೆ ಪುಸ್ತಕ ತೋರಿಸುವುದಿಲ್ಲ.

ಬಿಡಿಸುವುದು, ತೊಳೆಯುವುದು

ಇಬ್ಬರಿಗೆ ಎರಡು ಹೊತ್ತಿಗೆ ಬಿಡಿಸಿದ ಸೊಪ್ಪು ಸುಮಾರು 300 ಗ್ರಾಂ ಬೇಕು. ಜಗಲಿಯಲ್ಲಿ ಮೊರ ಇಟ್ಟುಕೊಂಡು ಇಬ್ಬರೂ ಕೂತರೆ ಬೇಗ ಮುಗಿಯುತ್ತದೆ. ದಂಟನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಟಪ್ ಅಂತ ಮುರಿದರೆ ಎಳೆಯದು, ಹಾಕಿ. ನಾರು ಎಳೆದುಕೊಂಡು ಬಂದರೆ ಬಲಿತಿದೆ, ಎಲೆ ಮಾತ್ರ ತೆಗೆದುಕೊಳ್ಳಿ. ಅಣ್ಣೆ ಈಗ ಹೂ ಬಿಡುವ ಸಮಯ. ಹೂವಿನ ತೆನೆ ಬಿಟ್ಟು ಎಲೆ ಆರಿಸಿ. ಹಲ್ಲು ಸರಿಯಿಲ್ಲದವರಿಗೆ ಈ ಆರಿಸುವ ಕೆಲಸದಲ್ಲೇ ಅರ್ಧ ಊಟ ಹಗುರಾಗುತ್ತದೆ.

ದೊಡ್ಡ ಪಾತ್ರೆಯಲ್ಲಿ ಮೂರು ನೀರಿನಲ್ಲಿ ತೊಳೆಯಿರಿ. ನೀರು ಬಗ್ಗಿಸಬೇಡಿ, ಸೊಪ್ಪನ್ನೇ ಕೈಯಲ್ಲಿ ಮೇಲೆತ್ತಿ. ಮಣ್ಣು ತಳದಲ್ಲಿ ಉಳಿಯುತ್ತದೆ. ಹೆಚ್ಚುವುದು ಏನಿದ್ದರೂ ತೊಳೆದ ಮೇಲೆ.

ನೀರು ಯಾವುದು?

ಬಸ್ಸಾರಿಗೆ ನೀರೇ ಜೀವ, ಕಾಳು ಸೊಪ್ಪು ಬೆಂದ ನೀರು, ಅಂದರೆ ಬಸಿದ ಕಟ್ಟೇ ಸಾರಾಗುವುದು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲವೇ ಇಲ್ಲ ಅಂದಾಗ 1.5 ಮಿತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಅಂಶ ಹೆಚ್ಚುತ್ತದೆ. ಅದಕ್ಕೆ ಅಡುಗೆಗೂ ಶುದ್ಧ ನೀರಿನ ಘಟಕದ ನೀರೇ ಬಳಸಿ, ಕುಡಿಯಲು ಮಾತ್ರ ಅಂತ ಉಳಿಸಬೇಡಿ. ಇನ್ನೊಂದು ಲಾಭವೂ ಇದೆ. ಗಡಸು ನೀರಿನಲ್ಲಿ ಕಾಳು ಎಷ್ಟು ಹೊತ್ತಾದರೂ ಬೇಯುವುದಿಲ್ಲ, ಈ ನೀರಿನಲ್ಲಿ ಬೇಗ ಮೆತ್ತಗಾಗುತ್ತದೆ.

ಬೇಯಿಸಿ ಬಸಿಯುವುದು

ಹಸಿ ಅಲಸಂದೆ ಕಾಳಾದರೆ ಒಂದು ಕಪ್. ಒಣ ಕಾಳಾದರೆ ಅರ್ಧ ಕಪ್ಪನ್ನು ರಾತ್ರಿಯೇ ನೆನೆಹಾಕಿ. ಐದು ಕಪ್ ನೀರು ಕುದಿಸಿ ಕಾಳು ಹಾಕಿ. ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪು ಹಾಕಿ, ಉಪ್ಪು ಹಾಕಿ. ಮುಚ್ಚಳ ಬೇಡ, ತೆರೆದೇ ಬೇಯಿಸಿದರೆ ಸೊಪ್ಪಿನ ಹಸಿರು ಉಳಿಯುತ್ತದೆ. ಎಂಟು ಹತ್ತು ನಿಮಿಷ ಸಾಕು. ಕಾಳು ಬೆರಳಲ್ಲಿ ಒತ್ತಿದರೆ ನುಣ್ಣಗೆ ಒಡೆಯಬೇಕು, ಆದರೆ ಪಾತ್ರೆಯಲ್ಲಿ ಇಡಿಯಾಗಿ ಇರಬೇಕು. ಕುಕ್ಕರ್ ಇಡುವವರು ಕಾಳು ಮಾತ್ರ ಅದರಲ್ಲಿ ಬೇಯಿಸಿ. ಸೊಪ್ಪನ್ನೂ ಸೇರಿಸಿದರೆ ಎಲ್ಲ ಕಲಸಿ ಮಸೊಪ್ಪಾಗುತ್ತದೆ.

ಬಸಿಯುವಾಗ ಎಚ್ಚರ. ಬಿಸಿ ಪಾತ್ರೆ ಭಾರ ಇರುತ್ತದೆ, ಕೈ ನಡುಗುವ ವಯಸ್ಸು. ಪಾತ್ರೆ ಎತ್ತಿ ಬಗ್ಗಿಸುವ ಬದಲು ಜರಡಿಯ ಮೇಲೆ ಸೌಟಿನಲ್ಲಿ ಹಾಕುತ್ತಾ ಹೋಗಿ. ಕಟ್ಟು ಕೆಳಗೆ ಇಳಿಯುತ್ತದೆ, ಕಾಳು ಸೊಪ್ಪು ಮೇಲೆ ಉಳಿಯುತ್ತದೆ.

ಖಾರ

ಒಂದು ಈರುಳ್ಳಿ, ಏಳೆಂಟು ಎಸಳು ಬೆಳ್ಳುಳ್ಳಿ, ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದೂವರೆ ಚಮಚ ಧನಿಯಾ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು. ಇಷ್ಟನ್ನೂ ಸ್ವಲ್ಪ ಎಣ್ಣೆಯಲ್ಲಿ ಈರುಳ್ಳಿಯ ಅಂಚು ಕೆಂಪಾಗುವವರೆಗೆ ಹುರಿಯಿರಿ. ಒಂದು ಟೊಮೆಟೊ ಹಾಕಿ ಬಾಡಿಸಿ. ಆರಿದ ಮೇಲೆ ಮೂರು ಚಮಚ ತೆಂಗಿನ ತುರಿ, ಸಣ್ಣ ಗೋಲಿಯಷ್ಟು ಹುಣಸೆಹಣ್ಣು, ಒಂದು ಸೌಟು ಬೆಂದ ಕಾಳು ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಆ ಒಂದು ಸೌಟು ಮರೆಯಬೇಡಿ, ಸಾರಿಗೆ ಮೈ ಬರುವುದು ಅದರಿಂದಲೇ. ಕಟ್ಟಿಗೆ ಸೇರಿಸಿ ಹತ್ತು ನಿಮಿಷ ಕುದಿಸಿ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಡಿ.

ಉಳಿದ ಕಾಳು ಸೊಪ್ಪಿಗೆ ಈರುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ, ಮೇಲೆ ಒಂದಿಷ್ಟು ಕಾಯಿತುರಿ. ಪಲ್ಯ ಆಯಿತು.

ಮುದ್ದೆ: ಇಲ್ಲಿ ನಾಲ್ಕು ಕೈ ಬೇಕು

ಎರಡು ಕಪ್ ನೀರಿಗೆ ಒಂದು ಕಪ್ ರಾಗಿ ಹಿಟ್ಟು, ಇಬ್ಬರಿಗೆ ಎರಡು ಹದವಾದ ಮುದ್ದೆ. ಎಸರಿಗೆ ಮೊದಲು ಒಂದು ಚಮಚ ಹಿಟ್ಟನ್ನು ನೀರಲ್ಲಿ ಕಲಸಿ ಹಾಕಿ. ಚೆನ್ನಾಗಿ ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಕೂಡಲೇ ತಿರುವಬೇಡಿ. ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಹಾಗೇ ಬಿಡಿ, ಗುಡ್ಡೆಯ ಸುತ್ತ ಎಸರು ಉಕ್ಕುತ್ತಿರಲಿ. ಆಮೇಲೆ ಪಾತ್ರೆ ಕೆಳಗಿಳಿಸಿ.

ಈಗ ಅವರನ್ನು ಕರೆಯಬೇಕು. 'ಏನ್ರೀ, ಸ್ವಲ್ಪ ಬನ್ನಿ ಇಲ್ಲಿ.' ಒಬ್ಬರು ಕವೆಗೋಲಿನಲ್ಲಿ ಅಥವಾ ದಪ್ಪ ಬಟ್ಟೆಯಲ್ಲಿ ಪಾತ್ರೆ ಅಲುಗದಂತೆ ಹಿಡಿಯಬೇಕು, ಇನ್ನೊಬ್ಬರು ಮುದ್ದೆ ಕೋಲಿನಿಂದ ತಿರುವಬೇಕು. ತಿರುವುವುದು ಗಂಡಸರ ಪಾಲಿಗೆ ಬರಲಿ. ಭುಜ, ಮಣಿಕಟ್ಟು ನೋಯುವ ಹೆಂಗಸರು ಮುದ್ದೆ ಬಿಟ್ಟು ಅನ್ನಕ್ಕೇ ಇಳಿದುಬಿಡುವುದು ಈ ತಿರುವುವ ಶ್ರಮಕ್ಕೇ ಅಲ್ವಾ? ಕೋಲನ್ನು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಿ, ಗಂಟು ಒಡೆಯುತ್ತದೆ. ಒದ್ದೆ ಬೆರಳಲ್ಲಿ ಮುಟ್ಟಿದರೆ ಅಂಟಬಾರದು, ಅಷ್ಟಾದರೆ ಹದ. ಅಂಟಿದರೆ ಮತ್ತೆ ಎರಡು ನಿಮಿಷ ಮುಚ್ಚಿ ಸಣ್ಣ ಉರಿಯಲ್ಲಿಡಿ. ಬಿಸಿಯಿರುವಾಗಲೇ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ.

ವಯಸ್ಸಾದವರಿಗೆ ರಾಗಿ ಬಿಡಬಾರದು ಅನ್ನುವುದಕ್ಕೆ ಕಾರಣವಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿಯಲ್ಲಿ ಇಷ್ಟು ಇಲ್ಲ. ಹಾಗಂತ ಸಕ್ಕರೆ ಕಾಯಿಲೆ ಇರುವವರು ದೊಡ್ಡ ಮುದ್ದೆ ನುಂಗಬೇಕಿಲ್ಲ. ಮುದ್ದೆ ಚಿಕ್ಕದಿರಲಿ, ಪಲ್ಯ ಜಾಸ್ತಿ ಇರಲಿ. ರಕ್ತ ತೆಳುವಾಗುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಒಂದು ವಾರ ಸೊಪ್ಪೇ ಇಲ್ಲ, ಇನ್ನೊಂದು ವಾರ ದಿನಾ ಸೊಪ್ಪು ಅಂತ ಮಾಡಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಯ ಕೆಲಸ ಕಡಿಮೆ ಮಾಡುತ್ತದೆ, ಅದಕ್ಕೆ ಅಳತೆ ಒಂದೇ ಸಮ ಇರಲಿ. ಕಿಡ್ನಿ ತೊಂದರೆ ಇದ್ದರೆ ಸೊಪ್ಪಿನ ಅಳತೆಯನ್ನು ಡಾಕ್ಟರನ್ನೇ ಕೇಳಿ.

ಉಳಿದದ್ದು

ಸಾರು ರಾತ್ರಿಗೆ ಇನ್ನೂ ರುಚಿ. ಒಮ್ಮೆ ಕುದಿಸಿ, ಅನ್ನಕ್ಕೆ ಕಲಸಿ. ಪಲ್ಯ ಉಳಿದರೆ ರಾಗಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿ. ಮುದ್ದೆ ಉಳಿದರೆ ರಾತ್ರಿಯೇ ನೀರಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿ ಕಿವುಚಿ ಕುಡಿಯಿರಿ.

ರಾಗಿ ಕೊಯ್ಲು ಮುಗಿಯುವ ಹೊತ್ತಿಗೆ ಬದುವಿನ ಸೊಪ್ಪೂ ಒಣಗುತ್ತದೆ. ಅದಕ್ಕೆ ಮೊದಲೇ ಹಿತ್ತಲಲ್ಲಿ ಒಂದು ಸಣ್ಣ ಮಡಿ ಮಾಡಿ, ದಂಟಿನ ಬೀಜಕ್ಕೆ ಮರಳು ಬೆರೆಸಿ ತೆಳ್ಳಗೆ ಎರಚಿ. ಪಾತ್ರೆ ತೊಳೆದ ನೀರು ಬೇಡ, ಸೊಪ್ಪು ತೊಳೆದ ನೀರು ಹಾಕಿ. 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹದಿನೈದು ದಿನ ಬಿಟ್ಟು ಇನ್ನೊಂದು ಮಡಿಗೆ ಎರಚಿದರೆ ಸಂಕ್ರಾಂತಿವರೆಗೂ ಸೊಪ್ಪಿಗೆ ಯೋಚನೆ ಇಲ್ಲ.